ಖಾಲಿ ಗೂಟ

ಹಣಕೋಣ, ಏಪ್ರಿಲ್ ೨೮

ಪಕ್ಕದ ಕೇರಿಯಲ್ಲಿ ಕಳ್ಳತನವಾದಾಗಿನಿಂದ ಹೆಂಡತಿ ಕುಸುಮಾಳ ತಮ್ಮ ಸಂದೀಪನದು ಒಂದೇ ವರಾತ: "ಭಾವಾ, ಹಂದಿ ಓಡ್ಸು ಹಳೇ ಕೋವಿ ಮನೆ ಕಾಯೂಕೆ ಸಾಲೂದಿಲ್ಲ. ಜೋಡಿ ನಳಿಗೆದು ತಗಳಿ." ನಾನೂ ಹೂಂ ಅಂದಿದ್ದೆ.

ಇವತ್ತು ಮುಸ್ಸಂಜೆ ಕರೆಂಟಿರಲಿಲ್ಲ. ಯಾರೋ ಹಿತ್ತಿಲ ಬೇಲಿ ದಾಟಿ ಬಂದರು. ಕೂಗಿದರೆ ಉತ್ತರವಿಲ್ಲ. ಕೈ ನೇರ ಕೋವಿಯ ಗೂಟಕ್ಕೆ ಹೋಯಿತು. ಗೂಟ ಖಾಲಿ. ಚುನಾವಣೆಯೆಂದು ಅದನ್ನು ಠಾಣೆಗೆ ಒಪ್ಪಿಸಿದ್ದು ಮರೆತೇಹೋಗಿತ್ತು! ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ, ನೆರೆಮನೆಯ ಜಟ್ಟ. ಪಾಪ, ಅವನಿಗೆ ಕಿವಿ ಮಂದ.

"ತಾಜಾ ಬಂಗ್ಡೆ ಸಿಕ್ತು ಅಣ್ಣಾ, ನಿಮ್ಗೂ ತಂದೆ" ಎಂದು ನಕ್ಕ.

ಸಂದೀಪನಿಗೆ ಯಾವ ನಳಿಗೆಯೂ ಬೇಡ ಎಂದು ನಾಳೆಯೇ ಹೇಳಬೇಕು. ಖಾಲಿ ಗೂಟಕ್ಕೆ ಈಗಷ್ಟೇ ಕೈಮುಗಿದು ಬಂದೆ.

ಜಟ್ಟನನ್ನು ಊಟಕ್ಕೆ ಕೂರಿಸಿಕೊಂಡೆ. ಎರಡು ಸಲ ಅನ್ನ ಹಾಕಿಸಿಕೊಂಡ. "ನೀವ್ಯಾಕೆ ಉಣ್ತಿಲ್ಲ?" ಎಂದಳು ಕುಸುಮಾ. ಅವನು ಮುಳ್ಳು ಬಿಡಿಸಿ ಉಣ್ಣುವುದನ್ನೇ ನೋಡುತ್ತ ಕೂತಿದ್ದೆ.