ನೆಟ್ಟಗಿನ ಚಿಹ್ನೆ, ಬಾಗಿದ ಚಿಹ್ನೆ

ತಗ್ಗುಬಂದರು,
2431ನೇ ಇಸವಿ, ಶ್ರಾವಣದ ಮೂವತ್ತೇಳನೇ ದಿನ

ಪ್ರೋಗ್ರಾಂ ಬರೆಯುವ ಹಿರಿಯರೇ,

ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ, ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ನಾಗವೇಣಿ ಖಾರ್ವಿ, ಕಡಲಗೋಡೆಯ ಸಾಲುಗಾವಲಿನವಳು. ಅಂದರೆ, ಗೋಡೆಯ ಬಾಗಿಲುಗಳನ್ನು ನಡೆಸಲು ನಿಮ್ಮ ಕಾಲದಲ್ಲಿ ಬರೆದ ಪ್ರೋಗ್ರಾಂನ ಸಾಲುಗಳನ್ನು ಓದಿ ಕಾಪಾಡುವುದು ನನ್ನ ಕೆಲಸ. ನೀವು ಕೋಡ್ ಎಡಿಟರ್ ಎನ್ನುವುದನ್ನು ನಾವು ಸಾಲುಪಟ ಎನ್ನುತ್ತೇವೆ.

ನಮ್ಮ ಊರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಗೋಡೆಯಲ್ಲಿ ಹೊರಗದ, ಒಳಗದ ಎಂದು ಎರಡು ಬಾಗಿಲುಗಳಿವೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ಬೆಳಿಗ್ಗೆ ಅಡುಗೆಮನೆಗಳಲ್ಲಿ ಗಂಜಿ ಬೇಯುವ ಹೊತ್ತಿಗೆ ದೋಣಿಗಳು ಈ ಬಾಗಿಲು ದಾಟಿ ಹೋಗುತ್ತವೆ, ಸಂಜೆಗೆ ಮರಳುತ್ತವೆ. ಹೋದ ತಿಂಗಳು ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ನಲವತ್ತು ದೋಣಿಗಳು ಅವಸರದಿಂದ ತಿರುಗಿ ಬಂದವು. ಹೊರಗದ ತೆರೆಯಲಿಲ್ಲ. ಪರದೆಯ ಮೇಲೆ ‘ಒಳಗದ ತೆರೆದಿದೆ’ ಎಂಬ ಸಂದೇಶವೊಂದೇ. ಆದರೆ ಒಳಗದ ಭದ್ರವಾಗಿ ಮುಚ್ಚಿತ್ತು. ಹೊರಗಿದ್ದವರಲ್ಲಿ ನನ್ನ ತಂಗಿ ರತ್ನಾವತಿಯೂ ಇದ್ದಳು.

ಆ ಸಂದೇಶ ಯಾವ ಸಾಲಿನಿಂದ ಬರುತ್ತಿದೆಯೆಂದು ತಿಳಿದರೆ ಸರಿಪಡಿಸಬಹುದಿತ್ತು. ಸಾಲುಪಟದಲ್ಲಿ ಬರೀ ಪದಗಳನ್ನು ಹುಡುಕಿದರೆ, ಹಿಂದಿನವರ ಟಿಪ್ಪಣಿಗಳೆಲ್ಲ ಸೇರಿ ಒಂಬತ್ತು ಸಾವಿರ ಕಡೆ ಸಿಕ್ಕವು. ಪರದೆಗೆ ಬರುವ ಸಂದೇಶ ಪ್ರೋಗ್ರಾಂನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಇರುತ್ತದೆ. ಹಾಗಾಗಿ ಗೋಡೆಯ ಕೈಪಿಡಿಯಿಂದ ಆ ಚಿಹ್ನೆಗಳ ಸಮೇತ ನಕಲು ಮಾಡಿ “ಒಳಗದ ತೆರೆದಿದೆ” ಎಂದು ಹುಡುಕಿದೆ. ಸೊನ್ನೆ. ಮತ್ತೆ ಹುಡುಕಿದೆ. ಮತ್ತೆ ಸೊನ್ನೆ. ಕಣ್ಣೆದುರು ಕಾಣುವ ಸಂದೇಶ ಪ್ರೋಗ್ರಾಂನಲ್ಲೇ ಇಲ್ಲವೆಂದರೆ ಏನರ್ಥ? ಬಂದರಿನ ಮೇಸ್ತ್ರಿ ಹೊರಗದವನ್ನು ಸಿಡಿಸಿಬಿಡೋಣ ಎಂದರು. ಆಮೇಲೆ ಇಡೀ ಸಮುದ್ರದ ಭಾರ ಒಳಗದವೊಂದರ ಮೇಲೆ ಬೀಳುತ್ತಿತ್ತು.

ನನ್ನ ಬೆನ್ನ ಹಿಂದೆ ದೋಣಿಯವರ ಮನೆಯವರೆಲ್ಲ ನಿಂತಿದ್ದರು. ಅವರಲ್ಲಿ ಸೆವೆರಿನ್ ಬಾಯಿಯೂ ಇದ್ದರು. ಸಮಾಧಿಕಲ್ಲುಗಳ ಮೇಲೆ ಹೆಸರು ಕೆತ್ತುವವರು, ಪ್ರೋಗ್ರಾಂ ಓದಲು ಬಾರದವರು. ಅವರ ಮಗಳೂ ಕಡಲಿನಲ್ಲಿದ್ದಳು.

“ನಾಗವೇಣಿ, ನೀನು ಹುಡುಕ್ತಿರೋ ಮಾತಿನ ಎರಡೂ ತುದಿಯ ಚಿಹ್ನೆ ಬಾಗಿದೆ. ಆ ಸಾಲುಗಳಲ್ಲಿರೋದೆಲ್ಲ ನೆಟ್ಟಗಿದೆ. ನನ್ನ ಉಳಿಗೆ ಅವೆರಡೂ ಬೇರೆ,” ಎಂದರು.

ಯಂತ್ರಕ್ಕೂ ಅವು ಬೇರೆಯೇ. ಕೈಪಿಡಿ ಬರೆಯಲು ಬಳಸಿದ ತಂತ್ರಾಂಶ ಅಂದಕ್ಕಾಗಿ ಚಿಹ್ನೆಗಳನ್ನು ತಾನಾಗಿ ಬಾಗಿಸಿತ್ತು. ಹದಿನಾರು ವರ್ಷ ಈ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಬಾಗಿದವನ್ನು ಅಳಿಸಿ, ಕೀಲಿಮಣೆಯಿಂದಲೇ ನೆಟ್ಟಗಿನವನ್ನು ಒತ್ತಿದೆ: "ಒಳಗದ ತೆರೆದಿದೆ". ಹನ್ನೊಂದು ಲಕ್ಷ ಸಾಲುಗಳಲ್ಲಿ ಒಂದೇ ಒಂದು ಕಡೆ ಸಿಕ್ಕಿತು. ಅದರ ಮೇಲೊಂದು ಟಿಪ್ಪಣಿ ಇತ್ತು: ಒಳಗದ ತೆರೆದಿದೆಯೋ ಇಲ್ಲವೋ ಎಂದು ತಿಳಿಸುವ ಈ ಅಳತೆಕಡ್ಡಿ ತುಕ್ಕು ಹಿಡಿದರೆ ಸುಳ್ಳು ಹೇಳಬಹುದು. ಒಳಗದ ಮುಚ್ಚಿರುವುದನ್ನು ಯಾರಾದರೂ ಕಣ್ಣಾರೆ ನೋಡಿ ಬಂದು, ಕೆಳಗಿನ 0 ತೆಗೆದು 1 ಹಾಕಿ. ಶಾಂಭವಿ.

ನಾಲ್ಕು ಶತಮಾನಗಳ ಹಿಂದೆ ಬದುಕಿದ್ದ ಹೆಂಗಸೊಬ್ಬಳು ನನ್ನ ಪಕ್ಕದಲ್ಲೇ ನಿಂತು ಹೇಳಿಕೊಟ್ಟ ಹಾಗಿತ್ತು. ಮೇಸ್ತ್ರಿಯೇ ಓಡಿಹೋಗಿ ಒಳಗದ ನೋಡಿ ಬಂದರು. ನಾನು 1 ಒತ್ತಿದೆ. ಗೋಡೆ ಸಣ್ಣಗೆ ನಡುಗಿ ಹೊರಗದ ಸರಿಯತೊಡಗಿತು. ಮೂವತ್ತೊಂಬತ್ತು ದೋಣಿಗಳು ಒಳಬಂದವು. ಒಂದು ಬಾಗಿಲ ಬಳಿಯೇ ಒಡೆದಿತ್ತು, ಅದರಲ್ಲಿದ್ದವರನ್ನು ಉಳಿದವರು ಎತ್ತಿಕೊಂಡಿದ್ದರು. ರತ್ನಾವತಿಯ ತೋಳು ಮುರಿದಿತ್ತು. ಸೆವೆರಿನ್ ಬಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಶಾಂಭವಿ ಯಾರೆಂದು ನನಗೆ ತಿಳಿಯದು, ನಿಮ್ಮ ಕಾಲದಲ್ಲಿ ಅವರಿನ್ನೂ ಆ ಟಿಪ್ಪಣಿ ಬರೆದಿಲ್ಲದಿರಲೂಬಹುದು. ನಿಮ್ಮಲ್ಲಿ ಯಾರಿಗಾದರೂ ಆ ಹೆಸರಿನ ಸಹೋದ್ಯೋಗಿ ಸಿಕ್ಕಿ, ಇಷ್ಟುದ್ದದ ಟಿಪ್ಪಣಿ ಯಾರು ಓದುತ್ತಾರೆ ಎಂದು ಅವರು ಬೇಸರಪಟ್ಟರೆ, ದಯವಿಟ್ಟು ಹೇಳಿ: ನಾಗವೇಣಿ ಎಂಬವಳು ಓದಿದಳು.