ನನ್ನದೇ ಮೂಳೆ

ಸೈಫುಲ್ಲಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ನಿನಗೇ ಹೇಳಬೇಕು.

ಬಾತಿ ಊರಿನ ಹತ್ತಿರ ನೀನು ನನ್ನನ್ನು ಹಿಂದೆ ಕೂರಿಸಿಕೊಂಡು, ಮೊಬೈಲಿನಲ್ಲಿ ಮಾತಾಡುತ್ತಾ ಬೈಕನ್ನು ಡಿವೈಡರಿಗೆ ಗುದ್ದಿದಾಗ, ಒಡೆದ ನನ್ನ ತಲೆಬುರುಡೆಯಿಂದ ಒಂದು ತುಂಡನ್ನು ತೆಗೆಯಬೇಕಾಯಿತಲ್ಲ, ಅಲ್ಲಿ ಹೊಸ ಮೂಳೆ ಬೆಳೆದಿದೆ. ನನ್ನ ರಕ್ತದಿಂದಲೇ ಗ್ರೋತ್ ಫ್ಯಾಕ್ಟರ್ ತೆಗೆದು, ಮೂಳೆಪುಡಿಯಲ್ಲಿ ಬೆರೆಸಿ ತುಂಬಿದ್ದರು. ಇವತ್ತು ಸ್ಕ್ಯಾನ್ ನೋಡಿದ ಡಾಕ್ಟರು, "ಮೂಳೆಗೆ ಬೆಳಿ ಅಂತ ಹೇಳೋ ಔಷಧಿ ಅದು. ನಿಮ್ಮ ಮೈ ಮಾತು ಕೇಳೈತೆ" ಎಂದರು.

ಮಧ್ಯಾಹ್ನ ಹರಿಹರದಿಂದ ನಿನ್ನ ತಾಯಿ ಬಂದರು. ತಲೆ ತೂತಾದ ಹುಡುಗಿ ಬೇಡವೆಂದು ಆಸ್ಪತ್ರೆಯಲ್ಲೇ ನಮ್ಮ ನಿಶ್ಚಿತಾರ್ಥ ಮುರಿದವರು, ಮಿಠಾಯಿ ಡಬ್ಬಿ ಹಿಡಿದು ಕೂತರು.

"ಎಲ್ಲಾ ಗುಣ ಆತಂತಲ್ಲಮ್ಮ. ಸೈಫು ಈಗ ಒಪ್ಪಿದಾನೆ."

ನಾನು ದುಪಟ್ಟಾ ಸರಿಸಿ ತಲೆ ಬಗ್ಗಿಸಿದೆ. "ಮುಟ್ಟಿ ನೋಡ್ರಿ ಖಾಲಾ, ಗಟ್ಟಿ ಐತಾ?"

ಅವರು ಬೆರಳಿಟ್ಟು ನೋಡಿದರು. "ಗಟ್ಟಿ ಐತೆ."

"ಹಂಗಾದ್ರೆ ನಿಮ್ಮ ಮಗನಿಗೆ ಹೇಳ್ರಿ. ನಾಯಿ ಅಡ್ಡ ಬಂತು ಅಂತ ಅವನು ಪೊಲೀಸರಿಗೆ ಬರೆಸಿದ್ದು ಸುಳ್ಳು. ನನಗೆ ಎಲ್ಲಾ ನೆನಪೈತೆ. ನಾಳೆ ಸ್ಟೇಷನ್ನಿಗೆ ಹೋಗ್ತೀನಿ."

ಅವರ ಮುಖ ಬಿಳಿಚಿಕೊಂಡಿತು. ಅಮ್ಮಿ ಮಿಠಾಯಿ ಡಬ್ಬಿಯನ್ನು ಅವರ ಕೈಗೇ ವಾಪಸ್ ಇಟ್ಟಳು. ನನಗೆ ಎಷ್ಟು ಹಿತವಾಯಿತೆಂದು ನಿನಗೆ ಗೊತ್ತಾಗಬೇಕು. ನಾಳೆ ಖಂಡಿತ ಹೋಗುತ್ತೇನೆ.

ಅವರು ಹೋದ ಮೇಲೆ ಅಕ್ಕ ನುಜತ್ ಹೇಳಿದಳು: ನೀನೂ ಬಂದಿದ್ದೆಯಂತೆ. ನಮ್ಮ ಕೆ.ಬಿ. ಬಡಾವಣೆಯ ತಿರುವಿನಲ್ಲಿ, ಹೊಸ ಅಂಗಿ ತೊಟ್ಟು, ಆಟೋದಲ್ಲೇ ಕೂತಿದ್ದೆಯಂತೆ.

ಇಳಿದು ಒಳಗೆ ಬರಬಹುದಿತ್ತು, ಸೈಫು. ನಿನ್ನ ಮುಖಕ್ಕೇ ಬೈಯಬೇಕೆಂದು ಎಷ್ಟೊಂದು ಮಾತು ಕೂಡಿಟ್ಟುಕೊಂಡಿದ್ದೆ.

ಮುಬಶ್ಶಿರಾ