ಹಾರ್ಲನ್ ಬಗ್ಗೆ ನಾನು ಬರೆಯದೆ ಬಿಟ್ಟದ್ದು

ಕೂಸ್ ಬೇ, ಆರೆಗಾನ್
9 ಮಾರ್ಚ್ 1947

ಪ್ರೀತಿಯ ವರ್ನಾ,

ನಿಮ್ಮ ಕಾಗದ ಬಂದು ಹನ್ನೊಂದು ದಿನವಾಯಿತು. ಮರದ ಮಿಲ್ಲಿನಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ಹಿಂದೆ ಹೇಳಿಯೂ ಇದ್ದೇನೆ. ಈ ಸಲ ನೆಪ ಹುಡುಕುವುದಕ್ಕೂ ಬೇಸರ. ಇಪ್ಪತ್ತೇಳನೆಯ ವಯಸ್ಸಿಗೇ ಮುದುಕನ ಹಾಗೆ ದಣಿದಿದ್ದೇನೆ. ಸುಳ್ಳು ಹೊರುವುದೂ ಒಂದು ಕೂಲಿ ಕೆಲಸವೇ.

ಬಾಯ್ಲರ್ ಒಡೆದು ಹಾರ್ಲನ್ ಕ್ಷಣಾರ್ಧದಲ್ಲಿ ಹೋಗಿಬಿಟ್ಟ, ನೋವೇ ಆಗಲಿಲ್ಲ ಎಂದು ಎರಡು ವರ್ಷದ ಹಿಂದೆ ನಿಮಗೆ ಬರೆದಿದ್ದೆ. ಈಗ ನಮ್ಮ ಹಡಗಿನ ಅಡುಗೆಯವನು ನಿಮಗೆ ಸಿಕ್ಕಿ, ಹಡಗು ಮುಳುಗಿದ ಮೇಲೂ ನಿಮ್ಮ ಗಂಡನನ್ನು ನೀರಿನಲ್ಲಿ ಕಂಡೆ ಎಂದಿದ್ದಾನೆ. ಹಾಗಾದರೆ ಸಮಾರ್ ದ್ವೀಪಕ್ಕೆ ಈಜಿರಬಹುದೇ, ಅಲ್ಲಿನ ಯಾರದೋ ಗುಡಿಸಲಿನಲ್ಲಿ ನೆನಪು ತಪ್ಪಿ ಬದುಕಿರಬಹುದೇ ಎಂದು ಕೇಳಿದ್ದೀರಿ. ದೋಣಿ ಕಟ್ಟುವ ಓಡೆಲ್ ಮದುವೆಗೆ ಕೇಳಿದ್ದಾನೆ, ನಿಮ್ಮ ಉತ್ತರ ಬರುವವರೆಗೆ ಅವನನ್ನು ಕಾಯಿಸಿದ್ದೇನೆ ಎಂದೂ ಬರೆದಿದ್ದೀರಿ.

ಅಡುಗೆಯವನು ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಆದರೆ ಹಾರ್ಲನ್ ಬದುಕಿಲ್ಲ, ವರ್ನಾ. ಅವನ ಕೊನೆಯನ್ನು ಕಂಡವನು ನಾನೊಬ್ಬನೇ.

ಆ ಬೆಳಿಗ್ಗೆ ನಾವಿಬ್ಬರೂ ಬಾಯ್ಲರ್ ಕೋಣೆಯಲ್ಲಿದ್ದೆವು. ಜಪಾನಿನ ದೊಡ್ಡ ಯುದ್ಧನೌಕೆಗಳ ಹಿಂಡೇ ಬಂದಿದೆ ಎಂದು ಮೇಲಿನಿಂದ ಮಾತಿನ ಕೊಳವೆಯಲ್ಲಿ ಹೇಳಿದರು. ನಮ್ಮ ಕಡೆ ವಿಮಾನ ಹೊರುವ ಆರು ನಿಧಾನದ ಹಡಗು, ಅವನ್ನು ಕಾಯಲು ನಮ್ಮಂಥ ಏಳೆಂಟು ತಗಡಿನ ಡಬ್ಬಿ. ಹಿಂದೆಯೇ ಆಜ್ಞೆ ಬಂತು: ಹೊಗೆ ಬಿಡಿ, ಎಷ್ಟು ಕಪ್ಪಾದರೆ ಅಷ್ಟು ಒಳ್ಳೆಯದು, ಅದರ ಮರೆಯಲ್ಲಿ ವಿಮಾನದ ಹಡಗುಗಳು ಓಡಲಿ. ನಮ್ಮ ಕಸುಬಿನಲ್ಲಿ ಹೊಗೆ ಬಿಡುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಹೊಗೆ ಕಂಡರೆ ಶತ್ರುವಿಗೆ ನಾವು ಕಂಡಂತೆ. ಹಿಂದಿನ ತಿಂಗಳು ಒಂದೇ ಒಂದು ಉಸಿರು ಹೊಗೆ ಹೋಯಿತೆಂದು ಹಾರ್ಲನ್‌ಗೆ ಶಿಕ್ಷೆಯಾಗಿತ್ತು.

“ಅವತ್ತು ಹೊಗೆ ಬಿಟ್ಟೆ ಅಂತ ರಜೆ ಕಿತ್ಕೊಂಡ್ರು. ಇವತ್ತು ಬಿಡ್ಲಿಲ್ಲ ಅಂದ್ರೆ ತಲೇನೇ ಕೀಳ್ತಾರೆ ನೋಡು,” ಎಂದ. ಹಾಗೆ ಹೇಳಿದರೂ, ಹೊಗೆ ಕಪ್ಪಾಗಲೆಂದು ಬೆಂಕಿಗೆ ಹೋಗುವ ಗಾಳಿಯ ಬಾಗಿಲು ಮುಚ್ಚುವಾಗ ಅವನ ಕೈ ಹಿಂಜರಿಯಿತು. ಅಭ್ಯಾಸ ಅಂಥದ್ದು.

ಎರಡು ಗಂಟೆ ಹೊಗೆ ಬಿಟ್ಟೆವು. ಹಡಗು ಓಡಿಹೋಗುವ ಬದಲು ಅವರ ಕಡೆಗೇ ತಿರುಗಿತು ಎಂಬುದು ಕಾಲಡಿಯ ತಗಡು ವಾಲಿದ್ದರಿಂದಲೇ ನಮಗೆ ಗೊತ್ತಾಯಿತು. ಹಾರ್ಲನ್ ನನ್ನ ಮುಖ ನೋಡಿದ, ನಾನು ಅವನದು ನೋಡಿದೆ. ಹೆದರಿದ್ದೆವು. ಆಮೇಲೆ ಗುಂಡು ಪಕ್ಕದ ಗೋಡೆಯನ್ನು ಸೀಳಿತು, ಉಗಿ ನುಗ್ಗಿತು. ನನ್ನ ಕೊರಳಪಟ್ಟಿ ಹಿಡಿದು ಏಣಿಗೆ ದೂಡಿದವನು ಅವನು. ಮೊದಲು ಅವನೇ ಹತ್ತಿದ್ದರೆ ಅವನ ಬೆನ್ನು ಬೇಯುತ್ತಿರಲಿಲ್ಲ. ನಮಗಿಂತ ಎಷ್ಟೋ ಪಾಲು ದೊಡ್ಡ ಆ ಪಡೆ ಕೊನೆಗೆ ಹಿಂದಿರುಗಿತು ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ನೀರಿನಲ್ಲಿದ್ದಾಗ ಗೆದ್ದವರಾರು ಎಂದು ಯಾರೂ ಕೇಳಲಿಲ್ಲ.

ಹಡಗು ಮುಳುಗಿ ನೀರಿಗೆ ಬಿದ್ದ ಮೇಲೆ, ಅವನು ದೂರ ತೇಲಿಹೋಗದಂತೆ ಅವನ ಬೆಲ್ಟನ್ನು ನನ್ನ ತೇಲುವ ಅಂಗಿಗೆ ಬಿಗಿದುಕೊಂಡೆ. ಮೊದಲ ದಿನವೆಲ್ಲ ಅವನ ಬಾಯಲ್ಲಿ ನಿಮ್ಮ ಮಾತೇ. ನೀವು ಹೊಗೆಯಲ್ಲಿ ಒಣಗಿಸುವ ಮೀನು ಯಾವಾಗಲೂ ಉಪ್ಪು, ಅದನ್ನು ನೆನೆದರೇ ಬಾಯಾರುತ್ತದೆ ಎಂದು ದೂರಿದ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವನು ಸಮುದ್ರದ ನೀರು ಕುಡಿದಿದ್ದ. ನಾನೂ ಕುಡಿದಿದ್ದೆ.

“ಹಡಗು ಇಲ್ಲೇ ಕೆಳಗಿದೆ ಕಣೋ ಐನಾರ್. ಕುಡಿಯೋ ನೀರಿನ ನಲ್ಲಿ ಹತ್ರ ಒಬ್ರೂ ಇಲ್ಲ. ಬೆಲ್ಟ್ ಬಿಚ್ಚು, ಒಂದು ಗುಟುಕು ಕುಡಿದು ಬಂದ್ಬಿಡ್ತೀನಿ,” ಎಂದ.

ಕೆನ್ನೆಗೆ ಬಾರಿಸಬೇಕಿತ್ತು. ನಾನು ಬಗ್ಗಿ ನೋಡಿದೆ. ನನಗೂ ಹಡಗು ಕಂಡಿತು, ವರ್ನಾ. ದೀಪ ಉರಿಯುತ್ತಿತ್ತು, ಏಣಿ ಒಣಗಿತ್ತು. ಬೆಲ್ಟ್ ಬಿಚ್ಚಿದೆ. ಅವನ ಬೆರಳು ಸುಲಿದಿದ್ದವು, ತೇಲುವ ಅಂಗಿಯ ಗಂಟುಗಳನ್ನೂ ನಾನೇ ಬಿಚ್ಚಿಕೊಟ್ಟೆ.

“ನನಗೂ ಒಂದು ಲೋಟ ತಾರೋ,” ಎಂದೆ.

“ತರ್ದೇ ಇರ್ತೀನಾ,” ಎಂದು ಇಳಿದ.

ಸಂಜೆಯವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ತಾನೊಬ್ಬನೇ ಕುಡಿದು ಅಲ್ಲೇ ಮಲಗಿಬಿಟ್ಟ, ಸ್ವಾರ್ಥಿ, ಎಂದು ಬಾಯಿಗೆ ಬಂದಂತೆ ಬೈದೆ. ಮರುದಿನ ನಮ್ಮನ್ನು ಎತ್ತಿಕೊಳ್ಳಲು ದೋಣಿ ಬಂದಾಗ, ತಡೆಯಿರಿ, ಇನ್ನೊಬ್ಬ ಕೆಳಗಿದ್ದಾನೆ ಎಂದು ಜಗಳವಾಡಿದೆ. ಯಾರೂ ನಗಲಿಲ್ಲ.

ನನ್ನ ಜೀವ ಉಳಿಸಿದವನಿಗೆ ನಾನು ಮಾಡಿದ್ದು ಇದು. ನಿಮ್ಮಲ್ಲಿ ಕ್ಷಮೆ ಬೇಡುತ್ತಿಲ್ಲ, ಬೇಡುವ ಶಕ್ತಿಯೂ ಉಳಿದಿಲ್ಲ. ಆ ದ್ವೀಪದ ಗುಡಿಸಲಿನ ಕನಸನ್ನು ಬಿಟ್ಟುಬಿಡಿ. ಓಡೆಲ್ ಒಳ್ಳೆಯವನೆಂದು ನೀವೇ ಬರೆದಿದ್ದೀರಿ, ಅವನನ್ನು ಇನ್ನು ಕಾಯಿಸಬೇಡಿ.

ನಿಮ್ಮ ಹಾರ್ಲನ್‌ನ ಜೊತೆಗಾರ,
ಐನಾರ್ ಹೌಗೆನ್

ಮ.ವಿ.: ಇದು ನಾನು ಬರೆದ ಎರಡನೆಯ ಉತ್ತರ. ಮೊದಲನೆಯದಕ್ಕೆ ಲಕೋಟೆಯನ್ನೂ ಅಂಟಿಸಿದ್ದೆ. ಅಡುಗೆಯವನು ಬೇರೆ ಯಾರನ್ನೋ ಕಂಡಿರಬೇಕು, ಹಾರ್ಲನ್ ಬಾಯ್ಲರ್ ಕೋಣೆಯಲ್ಲೇ ಹೋದ ಎಂದು ಅದರಲ್ಲಿ ಮತ್ತೆ ಹೇಳಿ, ಓಡೆಲ್‌ನ ಬದಲು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದೆ. ಅಕ್ಷರ ದುಂಡಗೆ ಬಂದಿತ್ತು. ಇವತ್ತು ಬೆಳಿಗ್ಗೆ ಅದನ್ನು ಒಲೆಗೆ ಹಾಕಿದೆ.